ಮನೆಗೊಂದು ಸಂಖ್ಯೆ, ಸಂಖ್ಯೆಗೊಂದು ದೀಪ

ನಮ್ಮ ಜನರಿಗೆ ಮನೆಗೆ ಹೆಸರಿಡುವುದರಲ್ಲಿರುವ ಆಸ್ಥೆಯು ಮನೆಗೆ ಸಂಖ್ಯೆ ಬರೆಯುವುದರಲ್ಲಿ ಇಲ್ಲ. ‘ಮಾತೃಕೃಪಾ’ ಎಂದೋ ‘ಶ್ರೀ ಬಸವೇಶ್ವರ ನಿಲಯ’ ಎಂದೋ ಕರಿಯ ಕಲ್ಲಿನಲ್ಲಿ ಬಂಗಾರದ ಬಣ್ಣದ ಅಕ್ಷರಗಳನ್ನು ಕೆತ್ತಿಸಿ ಬಾಗಿಲ ನೆತ್ತಿಗೆ ಕೂಡಿಸುವ ಗೃಹಸ್ಥನು, ಪಂಚಾಯತಿಯವರು ಗೋಡೆಯ ಮೇಲೆ ಗೀಚಿಹೋದ ಅಂಕಿಯನ್ನು ಮುಂದಿನ ದೀಪಾವಳಿಯ ಸುಣ್ಣದಲ್ಲಿ ಅಳಿಸಿಬಿಡುತ್ತಾನೆ. ಹಗಲಿನಲ್ಲಿ ಇದರಿಂದ ಹೆಚ್ಚಿನ ಬಾಧೆಯೇನೂ ಇಲ್ಲ. ಕೇಳಿದರೆ ದಾರಿ ಹೇಳುವವರು ಹೆಜ್ಜೆಗೊಬ್ಬರಂತೆ ಸಿಕ್ಕುತ್ತಾರೆ. ಇರುಳಿನ ಮಾತು ಬೇರೆ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲ್ಲೂಕುಗಳ ಸೀಮೆಯನ್ನೇ ನೋಡೋಣ. ಕೃಷ್ಣೆ ಮತ್ತು ಘಟಪ್ರಭೆಗಳ ನೀರು ಹರಿದಲ್ಲೆಲ್ಲ ಕಬ್ಬು ಬೆಳೆಯಿತು. ಕಬ್ಬು ಬೆಳೆದಂತೆ ರೈತರು ಊರೊಳಗಿನ ಮನೆಯನ್ನು ಬಿಟ್ಟು ಹೊಲದಲ್ಲಿಯೇ ಮನೆ ಕಟ್ಟಿಕೊಂಡು ನೆಲೆಸಿದರು. ಸರ್ಕಾರದ ದಾರಿಯನ್ನು ಕಾದು ಕುಳಿತುಕೊಳ್ಳದೆ, ತಾವೇ ವಂತಿಗೆ ಕೂಡಿಸಿ, ತಾವೇ ಮಣ್ಣು ಹೊತ್ತು, ೧೯೮೯ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ ಜನ ಇವರು. ಇಂಥವರ ತೋಟದ ಮನೆಗಳು ಇಂದು ಊರುಗಳ ಸುತ್ತ ಹರಡಿಕೊಂಡಿವೆ. ಡಾಂಬರಿನ ರಸ್ತೆಯಿಂದ ಒಳಕ್ಕೆ ಒಂದು ಬಂಡಿಯ ದಾರಿ, ಅದರಿಂದ ಇನ್ನೊಂದು, ಅದರ ಎರಡು ಮಗ್ಗುಲಿಗೂ ಎರಡಾಳೆತ್ತರದ ಕಬ್ಬು. ಬೆಳೆದು ನಿಂತ ಕಬ್ಬು ಗೋಡೆಯಿದ್ದಂತೆ. ಐವತ್ತು ಗಜ ದೂರದ ಮನೆಯ ದೀಪವೂ ಅದರ ಹಿಂದೆ ಮರೆಯಾಗುತ್ತದೆ.

ಇಂಥ ಮನೆಯ ವಿಳಾಸವನ್ನು ಕೇಳಿದರೆ ಬರುವ ಉತ್ತರ ಹೀಗಿರುತ್ತದೆ: “ಕೆನಾಲ್ ದಾಟ್ರಿ, ಮುಂದ ಒಂದ್ ದೊಡ್ಡ ಬೇವಿನ ಗಿಡ ಬರತೈತಿ, ಅಲ್ಲಿಂದ ಎಡಕ ಹೊಳ್ರಿ, ಹಣಮಪ್ಪನ ಗುಡಿ ಕಂಡಿಂದ ಯಾರ್ನರ ಕೇಳ್ರಿ, ಹೇಳ್ತಾರ.” ಹಗಲಿನಲ್ಲಿ ಇದಕ್ಕಿಂತ ಒಳ್ಳೆಯ ವಿಳಾಸವಿಲ್ಲವೆಂದೇ ನಮ್ಮ ಅಭಿಪ್ರಾಯ, ಇದರಲ್ಲಿ ಮಾನವ ಸಂಬಂಧವೂ ಇದೆ, ಭೂಗೋಳವೂ ಇದೆ. ಆದರೆ ರಾತ್ರಿ ಎರಡು ಗಂಟೆಗೆ ಬೇವಿನ ಗಿಡವು ಇತರ ಗಿಡಗಳಂತೆಯೇ ಕಪ್ಪಾಗಿರುತ್ತದೆ, ಕೇಳಬೇಕಾದ ‘ಯಾರಾದರೂ’ ನಿದ್ರೆಯಲ್ಲಿರುತ್ತಾರೆ.

ರಾತ್ರಿ ಎರಡು ಗಂಟೆಗೆ ತೋಟದ ಮನೆಯನ್ನು ಹುಡುಕಿಕೊಂಡು ಬರುವವರು ಯಾರು? ನಂಟರಲ್ಲ. ಹೆರಿಗೆಯ ನೋವು ತಿನ್ನುತ್ತಿರುವ ಹೆಣ್ಣುಮಗಳನ್ನು ಒಯ್ಯಲು ಬಂದ ಆಂಬ್ಯುಲೆನ್ಸಿನ ಚಾಲಕ, ಇಲ್ಲವೆ ಹಾವು ಕಚ್ಚಿದವನನ್ನು ಒಯ್ಯಲು ಬಂದವನು. ಕರ್ನಾಟಕದಲ್ಲಿ ೧೦೮ರ ಸೇವೆಯು ೨೦೦೮ರ ನವೆಂಬರಿನಲ್ಲಿ ಆರಂಭವಾಯಿತು. ಕರೆ ಮಾಡಿದರೆ ವಾಹನ ಬರುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿದೆ. ಭಾರತದಲ್ಲಿ ೨೦೦೦ದಿಂದ ೨೦೧೯ರ ವರೆಗಿನ ಅವಧಿಯಲ್ಲಿ ಹಾವಿನ ಕಡಿತದಿಂದ ವರ್ಷಕ್ಕೆ ಸರಾಸರಿ ೫೮,೦೦೦ ಜನ ಸತ್ತರೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಅವರಲ್ಲಿ ಬಹುಪಾಲಿನವರು ಹಳ್ಳಿಗರು. ನಮ್ಮ ಸರ್ಕಾರವು ೨೦೨೪ರ ಫೆಬ್ರವರಿಯಲ್ಲಿ ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ವಿಧಿಸಿತು. ಕಟ್ಟುಹಾವು ರಾತ್ರಿಯ ಜೀವಿ. ನೆಲದ ಮೇಲೆ ಮಲಗಿದವನನ್ನು ಅದು ಕಚ್ಚಿದಾಗ ಹಲವು ಸಲ ನೋವೇ ಇರುವುದಿಲ್ಲ. ಕೆಲವು ಗಂಟೆಗಳಲ್ಲಿ ರೆಪ್ಪೆಗಳು ಇಳಿದು, ನಾಲಿಗೆ ತೊದಲಿ, ಕೊನೆಗೆ ಉಸಿರಾಟದ ಸ್ನಾಯುಗಳು ಸ್ತಬ್ಧವಾಗುತ್ತವೆ. ಪ್ರತಿವಿಷದ ಚುಚ್ಚುಮದ್ದಿನ ಹೊರತು ಬೇರೆ ಮದ್ದಿಲ್ಲ. ಹೀಗಿರುವಲ್ಲಿ ವಾಹನವು ಕಬ್ಬಿನ ನಡುವೆ ದಾರಿ ತಪ್ಪಿ ಕಳೆದುಕೊಳ್ಳುವ ಇಪ್ಪತ್ತು ನಿಮಿಷಗಳ ಬೆಲೆಯೇನೆಂಬುದನ್ನು ವಾಚಕರೇ ಊಹಿಸಲಿ.

“ಎಲ್ಲರ ಕೈಯಲ್ಲಿಯೂ ಫೋನಿದೆ, ಫೋನಿನಲ್ಲಿ ನಕ್ಷೆಯಿದೆ, ಇನ್ನು ಮನೆಗೆ ಸಂಖ್ಯೆಯೇಕೆ?” ಎಂಬ ಪ್ರಶ್ನೆ ಸಹಜವಾದುದು. ನಕ್ಷೆಯ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ೧೯೭೨ರ ಆಗಸ್ಟ್ ೧೫ರಂದು ಪಿನ್‌ಕೋಡು ಬಂದಾಗ ಜಮಖಂಡಿಗೆ ೫೮೭೩೦೧ ಎಂಬಂತೆ ಅಂಚೆ ಕಛೇರಿಯ ವ್ಯಾಪ್ತಿಗೊಂದು ಗುರುತು ದೊರಕಿತು. ೨೦೨೫ರಲ್ಲಿ ಅಂಚೆ ಇಲಾಖೆಯು ‘ಡಿಜಿಪಿನ್’ ಎಂಬ ಹತ್ತು ಅಕ್ಷರಗಳ ಸಂಕೇತವನ್ನು ತಂದು, ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರು ಉದ್ದಗಲದ ಚೌಕಗಳಾಗಿ ಭಾಗಿಸಿತು. ಇದು ದೊಡ್ಡ ಸಾಧನೆಯೇ ಸರಿ. ಆದರೆ ಚೌಕವು ಎಲ್ಲಿದೆಯೆಂದು ತಿಳಿದ ಮಾತ್ರಕ್ಕೆ ಅಲ್ಲಿಗೆ ಹೋಗುವ ಬಂಡಿಯ ದಾರಿ ಯಾವುದೆಂದು ತಿಳಿಯುವುದಿಲ್ಲ. ಒಂದರ ಪಕ್ಕದಲ್ಲಿ ಒಂದು ಎರಡು ದಾರಿಗಳಿದ್ದು ನಡುವೆ ಕಾಲುವೆಯಿದ್ದರೆ, ನಕ್ಷೆಯಲ್ಲಿ ಅವುಗಳ ಅಂತರ ಒಂದು ಕೂದಲೆಳೆ. ನೆಲದ ಮೇಲೆ, ತಪ್ಪು ದಾರಿ ಹಿಡಿದವನು ಅರ್ಧ ಮೈಲಿ ಹಿಂದಕ್ಕೆ ಬರಬೇಕು. ಮನೆಯಲ್ಲಿ ಮುದುಕಿಯೊಬ್ಬಳೇ ಇರುವಾಗ ಹತ್ತು ಅಕ್ಷರಗಳ ಸಂಕೇತವನ್ನು ಫೋನಿನಲ್ಲಿ ತಪ್ಪಿಲ್ಲದೆ ಹೇಳಬೇಕೆಂದು ನಿರೀಕ್ಷಿಸುವುದೂ ಕ್ರೌರ್ಯವೇ. “ನೂರಾ ಇಪ್ಪತ್ನಾಕು” ಎಂದು ಆಕೆ ಹೇಳಬಲ್ಲಳು. ದಾರಿಯ ತಿರುವಿನಲ್ಲಿ ೧೨೪ ಎಂಬ ಅಂಕವು ಬೆಳಗುತ್ತಿದ್ದರೆ ಕೆಲಸ ಮುಗಿಯಿತು.

ಸಂಖ್ಯೆಗಳಿಗೆ ನಮ್ಮಲ್ಲಿ ಬರವಿದೆಯೆಂದು ತಿಳಿಯಬಾರದು. ಒಂದೇ ಮನೆಗೆ ಪಂಚಾಯತಿಯ ಆಸ್ತಿ ಸಂಖ್ಯೆ ಬೇರೆ, ವಿದ್ಯುತ್ ಮೀಟರಿನ ಆರ್.ಆರ್. ಸಂಖ್ಯೆ ಬೇರೆ, ಜನಗಣತಿಯವರ ಸಂಖ್ಯೆ ಬೇರೆ. ೨೦೨೫ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಮೀಟರಿನ ಆಧಾರದಿಂದ ಮನೆಗಳನ್ನು ಗುರುತಿಸಿ ಬಾಗಿಲಿಗೆ ಅಂಟಿಸಿದ ಚೀಟಿಯ ಸಂಖ್ಯೆ ಮತ್ತೊಂದು. ಇವೆಲ್ಲ ಲೆಕ್ಕ ಇಡುವವರ ಅನುಕೂಲಕ್ಕೆ ಹುಟ್ಟಿದವು. ದಾರಿಯಲ್ಲಿ ಬರುವವನ ಅನುಕೂಲಕ್ಕೆಂದು ಹುಟ್ಟಿದ್ದು ಇವುಗಳಲ್ಲಿ ಒಂದೂ ಇಲ್ಲ.

ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳ ಹಳ್ಳಿಗಾಡಿನಲ್ಲಿ ಈ ತೊಡಕನ್ನು ಬಹು ಸರಳವಾಗಿ ಬಿಡಿಸಿದ್ದಾರೆ. ರಸ್ತೆಯ ಆರಂಭದಿಂದ ಮನೆಯ ಪ್ರವೇಶದವರೆಗಿನ ದೂರವನ್ನು ಮೀಟರುಗಳಲ್ಲಿ ಅಳೆದು ಹತ್ತರಿಂದ ಭಾಗಿಸುತ್ತಾರೆ. ಬಂದದ್ದೇ ಮನೆಯ ಸಂಖ್ಯೆ. ಎಡಕ್ಕೆ ಬೆಸ, ಬಲಕ್ಕೆ ಸಮ. ಕೆನಾಲಿನ ಸೇತುವೆಯಿಂದ ೧,೨೪೦ ಮೀಟರು ದೂರದಲ್ಲಿ ಬಲಗಡೆಗೆ ತಿರುಗಬೇಕಾದ ತೋಟದ ಮನೆಯು ೧೨೪; ಅದರಾಚೆ ಎಡಗಡೆ ೧,೨೫೦ ಮೀಟರಿನಲ್ಲಿರುವುದು ೧೨೫. ಸೇತುವೆಯ ಬಳಿ ವಾಹನದ ಕಿಲೋಮೀಟರು ಅಂಕಿಯನ್ನು ನೋಡಿಕೊಂಡು ಹೊರಟ ಚಾಲಕನಿಗೆ ಒಂದೂಕಾಲು ಕಿಲೋಮೀಟರು ಹೋಗಬೇಕೆಂಬುದು ಸಂಖ್ಯೆಯಿಂದಲೇ ತಿಳಿದುಬಿಡುತ್ತದೆ. ಅಣ್ಣತಮ್ಮಂದಿರು ಪಾಲಾಗಿ ನಡುವೆ ಇನ್ನೊಂದು ಮನೆ ಎದ್ದರೂ ಹಳೆಯ ಸಂಖ್ಯೆಗಳು ಕದಲುವುದಿಲ್ಲ. ‘೧೨೪ ಬಾರ್ ೨ ಬಾರ್ ಎ’ ಎಂಬಂಥ ಬಾಲಗಳೂ ಬೆಳೆಯುವುದಿಲ್ಲ. ನಮ್ಮ ಗ್ರಾಮ ಪಂಚಾಯತಿಗಳು ಈ ಪದ್ಧತಿಯನ್ನು ಕೈಕೊಳ್ಳಬೇಕೆಂದು ನಾವು ಆಗ್ರಹದಿಂದ ಹೇಳುತ್ತೇವೆ. ಇದಕ್ಕೆ ಬೇಕಾದುದು ಒಂದು ಅಳತೆಯ ಚಕ್ರ, ಒಂದು ವಹಿ, ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು, ರಜೆಯ ಒಂದು ವಾರ.

ಬೀಳಗಿಯ ಕಥೆ ಬೇರೆ ಬಗೆಯದು. ಆಲಮಟ್ಟಿಯ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನರು ಪುನರ್ವಸತಿ ಕೇಂದ್ರಗಳಿಗೆ ಬಂದಾಗ, ಹಳೆಯ ಊರಿನ ಅಗಸಿಯೂ ಚಾವಡಿಯೂ ಕಟ್ಟೆಯ ಬೇವಿನ ಗಿಡವೂ ನೀರಿನಡಿಯಲ್ಲಿ ಉಳಿದುವು. ವಿಳಾಸ ಹೇಳುವುದಕ್ಕಿದ್ದ ಗುರುತುಗಳೇ ಹೋದುವು. ಉಳಿದುದು ಒಂದೇ ಅಳತೆಯ ಸಾಲು ನಿವೇಶನಗಳು. ಅಲ್ಲಿ ಸಂಖ್ಯೆ ಇದ್ದೇ ಇದೆ, ಓದಲು ಬೆಳಕು ಬೇಕು. ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಮನೆಗೆ ಮನೆ ತಾಗಿದೆ, ಮಗ್ಗದ ಸದ್ದೇ ಅಲ್ಲಿನ ಗುರುತು. ಬೀದಿಯ ದೀಪವೂ ಹತ್ತಿರದಲ್ಲಿರುವುದರಿಂದ ಅಲ್ಲಿ ಬಣ್ಣದಲ್ಲಿ ಸ್ಫುಟವಾಗಿ ಬರೆದರೆ ಸಾಕಾದೀತು. ಎಲ್ಲ ಮನೆಗೂ ದೀಪದ ಫಲಕ ಬೇಕೆಂಬ ಹಟ ನಮಗಿಲ್ಲ. ವಾಹನದ ದೀಪವು ನೇರವಾಗಿ ಬೀಳುವ ರಸ್ತೆಬದಿಯ ಮನೆಗಳಿಗೆ, ಕಿಲೋಮೀಟರು ಕಲ್ಲಿನ ಬಳಿ ಇರುವಂಥ ಪ್ರತಿಫಲಕ ಹಾಳೆಯೇ ಉತ್ತಮ. ಅದಕ್ಕೆ ಬ್ಯಾಟರಿ ಬೇಡ, ತಂತಿ ಬೇಡ. ಆದರೆ ಆ ಹಾಳೆಯು ತನ್ನ ಮೇಲೆ ಬಿದ್ದ ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳುಹಿಸತಕ್ಕದ್ದು. ದೀಪವು ಅದರ ಮೇಲೆ ಬೀಳದಿದ್ದರೆ ಅದು ಕುರುಡು. ಕಬ್ಬಿನ ನಡುವಣ ತಿರುವಿನಲ್ಲಿ ಬೀಳುವುದಿಲ್ಲ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳು ಉಕ್ಕಿ ಬಂದಾಗಿನಂತೆ, ಊರಿಗೆ ಊರೇ ಕತ್ತಲಾಗಿ ದೋಣಿಯಲ್ಲಿ ಮನೆಗಳನ್ನು ಹುಡುಕಬೇಕಾದ ರಾತ್ರಿಯಲ್ಲಿಯೂ ಅಷ್ಟೆ. ಅಂಥಲ್ಲಿ ತಾನಾಗಿ ಬೆಳಗುವ ಫಲಕವೇ ಬೇಕು.

ತಾನಾಗಿ ಬೆಳಗುವ ಎಂದೆವು. ಇದರ ಹಿಂದಿರುವ ವಿಜ್ಞಾನವು ನಮ್ಮ ತರುಣ ವಾಚಕರ ಪಠ್ಯದಲ್ಲಿ ಎರಡು ಬೇರೆ ಬೇರೆ ಅಧ್ಯಾಯಗಳಂತೆ ಕಾಣುತ್ತದೆ. ವಾಸ್ತವವಾಗಿ ಅದು ಒಂದೇ. ಅರೆವಾಹಕದ ಎರಡು ತುಣುಕುಗಳು, ಒಂದು ಪಿ, ಒಂದು ಎನ್, ಕೂಡಿದ ಎಲ್ಲೆಯಲ್ಲಿ ಬೆಳಕು ಬಿದ್ದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ವಿದ್ಯುತ್ಪ್ರವಾಹ ಹರಿಯುತ್ತದೆ, ಅದು ಸೌರಕೋಶ. ಅಂಥದೇ ಎಲ್ಲೆಯೊಳಗೆ ನಾವು ವಿದ್ಯುತ್ತನ್ನು ಹರಿಸಿದರೆ, ಎಲೆಕ್ಟ್ರಾನುಗಳು ಕೆಳಗಿನ ಮಟ್ಟಕ್ಕೆ ಇಳಿಯುವಾಗ ತಮ್ಮ ಶಕ್ತಿಯನ್ನು ಬೆಳಕಾಗಿ ಬಿಡುತ್ತವೆ, ಅದು ಎಲ್.ಇ.ಡಿ. ಒಂದು ಬೆಳಕನ್ನು ಕುಡಿದು ವಿದ್ಯುತ್ತನ್ನು ಕೊಡುತ್ತದೆ, ಇನ್ನೊಂದು ವಿದ್ಯುತ್ತನ್ನು ಕುಡಿದು ಬೆಳಕನ್ನು ಕೊಡುತ್ತದೆ. ನಂಬಿಕೆ ಬಾರದವರು ಒಂದು ಕೆಂಪು ಎಲ್.ಇ.ಡಿ.ಯನ್ನು ಮಧ್ಯಾಹ್ನದ ಬಿಸಿಲಿಗೆ ಹಿಡಿದು ಅದರ ಎರಡು ಕಾಲುಗಳಿಗೆ ಮಲ್ಟಿಮೀಟರನ್ನು ಜೋಡಿಸಲಿ. ಆ ಪುಟ್ಟ ದೀಪವು ತಾನೇ ಸೌರಕೋಶವಾಗಿ ವೋಲ್ಟೇಜನ್ನು ತೋರಿಸುವುದು. ಸಿಲಿಕಾನಿನ ಸೌರಕೋಶವನ್ನು ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ೧೯೫೪ರಲ್ಲಿ ಲೋಕಕ್ಕೆ ತೋರಿಸಿದಾಗ ಅದು ಬಿದ್ದ ಬಿಸಿಲಿನ ಶೇಕಡಾ ಆರರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಇಂದು ಅಂಗಡಿಯ ಸಾಧಾರಣ ಫಲಕವೂ ಅದರ ಮೂರು ಪಾಲಿನಷ್ಟು ಕೊಡುತ್ತದೆ. ನಿಕ್ ಹೊಲೊನ್ಯಾಕ್ ಎಂಬಾತನು ೧೯೬೨ರಲ್ಲಿ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು ಮಾಡಿದನು. ನೀಲಿಗೆ ಮತ್ತೆ ಮೂವತ್ತು ವರ್ಷ ಹಿಡಿಯಿತು; ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರ ಎಂಬ ಮೂವರಿಗೆ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಿಳಿಯ ಎಲ್.ಇ.ಡಿ. ಎನ್ನುವುದು ಹಳದಿ ಪುಡಿ ಬಳಿದುಕೊಂಡ ನೀಲಿಯೇ.

ನಮ್ಮ ಫಲಕಕ್ಕೆ ಆ ಬಿಳಿ ಬೇಡ, ಹಳದಿಮಿಶ್ರಿತ ಕಿತ್ತಳೆ ಬಣ್ಣವೇ ಇರಲಿ ಎಂಬುದು ನಮ್ಮ ಸಲಹೆ. ನೀಲಿಯ ಅಂಶವುಳ್ಳ ಬೆಳಕಿಗೆ ಹುಳುಗಳು ಮುತ್ತುವಷ್ಟು ಇದಕ್ಕೆ ಮುತ್ತುವುದಿಲ್ಲ. ಹುಳುಗಳಿಲ್ಲದ ಕಡೆ ಹಲ್ಲಿ ಕಪ್ಪೆಗಳೂ, ಅವುಗಳನ್ನು ಅರಸಿ ಬರುವ ಹಾವೂ ಕಡಿಮೆ. ಚಾಲಕನ ಕಣ್ಣು ಕುಕ್ಕುವುದಿಲ್ಲ. ಮೇಲಾಗಿ ಈ ಡಯೋಡಿಗೆ ಸುಮಾರು ೨ ವೋಲ್ಟ್ ಸಾಕು, ಬಿಳಿಯದಕ್ಕೆ ೩ ಬೇಕು.

ಅಂಕಿಯ ಎತ್ತರವೆಷ್ಟಿರಬೇಕು? ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿನಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. ಒಂದು ಅಕ್ಷರವನ್ನು ಗುರುತಿಸಲು ಅದರ ಎತ್ತರವು ಇಂಥ ಐದು ಪಾಲುಗಳನ್ನು ತುಂಬಬೇಕು. ಲೆಕ್ಕ ಹಾಕಿದರೆ ೧೫ ಸೆಂಟಿಮೀಟರು ಎತ್ತರದ ಅಂಕಿಯು ೧೦೦ ಮೀಟರಿಗೆ ಓದಲು ಬರಬೇಕು. ಆದರೆ ಅದು ಕಣ್ಣಿನ ವೈದ್ಯರ ಕೊಠಡಿಯ ಲೆಕ್ಕ. ಕುಲುಕಾಡುವ ವಾಹನ, ಧೂಳು, ನಿದ್ದೆಗೆಟ್ಟ ಚಾಲಕ ಇವುಗಳಿಗಾಗಿ ಅರ್ಧ ಕಳೆದರೂ ೫೦ ಮೀಟರು ಉಳಿಯಿತು. ಗಂಟೆಗೆ ೩೦ ಕಿಲೋಮೀಟರು ವೇಗದ ವಾಹನವು ಅಷ್ಟು ದೂರ ಬರಲು ಆರು ಸೆಕೆಂಡು ಹಿಡಿಯುತ್ತದೆ. ವೇಗವನ್ನು ತಗ್ಗಿಸಿ ತಿರುಗಲು ಅಷ್ಟು ಸಾಕು. ಕನ್ನಡದ ಅಂಕಿಗಳಲ್ಲಿಯೇ ಬರೆಯಬೇಕೆಂಬ ಹಂಬಲ ನಮಗೂ ಉಂಟು. ಆದರೆ ದೂರದಿಂದ ೬ ಮತ್ತು ೯ರ ತಿರುವುಗಳು ಬೆರೆತುಹೋಗುತ್ತವೆ. ಚಾಲಕನು ದಿನವೆಲ್ಲ ನೋಡುವ ವಾಹನಗಳ ಸಂಖ್ಯಾಫಲಕಗಳಲ್ಲಿರುವುದು ಅಂತರರಾಷ್ಟ್ರೀಯ ಅಂಕಿಗಳು. ದೀಪವು ಅವುಗಳಿಗಿರಲಿ. ಕೆಳಗೆ ಕನ್ನಡದಲ್ಲಿ ಸಂಖ್ಯೆಯನ್ನೂ ಊರಿನ ಹೆಸರನ್ನೂ ಚೆಲುವಾಗಿ ಬರೆಯೋಣ.

ಅಂಕಿಯನ್ನು ಮಾಡುವ ಬಗೆಯನ್ನು ಬನಹಟ್ಟಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಕಾರ್ಡ್ ಮಗ್ಗದ ರಟ್ಟಿನಲ್ಲಿ ತೂತುಗಳ ಸಾಲು ಸೀರೆಯ ಹೂವನ್ನು ಹೇಗೆ ಹೇಳುತ್ತದೆಯೋ ಹಾಗೆಯೇ, ತಗಡಿನಲ್ಲಿ ಕೊರೆದ ತೂತುಗಳ ಸಾಲು ಅಂಕಿಯನ್ನು ಹೇಳಬಲ್ಲದು. ತಗಡಿನ ಹಿಂದೆ ಹಾಲುಬಣ್ಣದ ಅಕ್ರಿಲಿಕ್ ಹಾಳೆ, ಅದರ ಹಿಂದೆ ಒಂದು ಅಂಕಿಗೆ ನಾಲ್ಕರಂತೆ ಹನ್ನೆರಡು ಡಯೋಡುಗಳು. ಕಗ್ಗತ್ತಲೆಯಲ್ಲಿ ಒಂದೊಂದಕ್ಕೂ ೫ ಮಿಲಿಆಂಪಿಯರ್ ಧಾರಾಳವಾಯಿತು, ಒಟ್ಟು ೬೦. ವಿದ್ಯುತ್ಕೋಶವು ೩.೨ ವೋಲ್ಟಿನ ಲಿಥಿಯಂ ಕಬ್ಬಿಣ ಫಾಸ್ಫೇಟಿನದಿರಲಿ. ಇದರಲ್ಲಿ ೨ ವೋಲ್ಟ್ ಡಯೋಡಿಗೆ ಹೋದರೆ ಉಳಿದ ೧.೨ ವೋಲ್ಟಿಗೆ ಓಮನ ನಿಯಮದಂತೆ ಪ್ರತಿ ಡಯೋಡಿಗೂ ೨೪೦ ಓಮಿನ ರೋಧಕ ಬೇಕು. ಅಂಗಡಿಯಲ್ಲಿ ೨೨೦ ಇಲ್ಲವೆ ೨೭೦ರದು ಸಿಕ್ಕಿದರೂ ಬಾಧೆಯಿಲ್ಲ. ಎಲ್ಲಕ್ಕೂ ಸೇರಿ ಒಂದೇ ರೋಧಕ ಹಾಕಿ ಜಾಣತನ ತೋರಿಸಬಾರದು. ಒಂದು ಡಯೋಡು ಹೋದರೆ ಉಳಿದವುಗಳ ಮೇಲೆ ಭಾರ ಬೀಳುತ್ತದೆ.

ಹನ್ನೆರಡು ಗಂಟೆಯ ಇರುಳಿಗೆ ೭೨೦ ಮಿಲಿಆಂಪಿಯರ್-ಗಂಟೆ ಖರ್ಚು. ನಮ್ಮ ನಾಡಿನ ಬಿಸಿಲು ಸರಾಸರಿಯಲ್ಲಿ ದಿನಕ್ಕೆ ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮವೆಂದು ಹಿಡಿದರೆ, ೬ ವೋಲ್ಟಿನ ೧ ವ್ಯಾಟ್ ಫಲಕವು ೮೩೦ ಮಿಲಿಆಂಪಿಯರ್-ಗಂಟೆಯಷ್ಟು ಕೊಡುತ್ತದೆ. ಸರಿಹೋಯಿತಲ್ಲವೆ ಎಂದು ಇಲ್ಲಿಯೇ ನಿಲ್ಲಿಸುವವರು ಬಹುಮಂದಿ. ಅವರ ದೀಪಗಳು ಆಷಾಢದಲ್ಲಿ ಆರುತ್ತವೆ. ಮೋಡದ ದಿನ ಬರುವುದು ಮೂರರಲ್ಲೊಂದು ಪಾಲೆಂದು ಎಣಿಸಿ ೩ ವ್ಯಾಟಿನ ಫಲಕವನ್ನೇ ಹಾಕತಕ್ಕದ್ದು. ಕೋಶವು ೬,೦೦೦ ಮಿಲಿಆಂಪಿಯರ್-ಗಂಟೆಯದಿದ್ದರೆ ಬಿಸಿಲೇ ಕಾಣದಿದ್ದರೂ ಎಂಟು ರಾತ್ರಿ ನಡೆಯುವುದು. ಇಲ್ಲಿ ಒಂದು ಎಚ್ಚರಿಕೆ. ಫೋನಿನ ಬ್ಯಾಟರಿಗೆಂದು ಮಾರುವ ೪.೨ ವೋಲ್ಟಿನ ಚಾರ್ಜಿಂಗ್ ಬಿಲ್ಲೆಯು ಈ ಕೋಶಕ್ಕೆ ಸಲ್ಲದು, ೩.೬ ವೋಲ್ಟಿಗೆ ನಿಲ್ಲುವಂಥದನ್ನೇ ಕೇಳಿ ತರಬೇಕು. ಕತ್ತಲಾದುದನ್ನು ತಿಳಿಯಲು ಬೇರೆ ಕಣ್ಣು ಬೇಡ. ಸೌರಫಲಕದ ವೋಲ್ಟೇಜು ಇಳಿಯುವುದೇ ಸಂಜೆಯ ಸೂಚನೆ. ಆ ಸೂಚನೆಯನ್ನು ಒಂದು ಪಿ.ಎನ್.ಪಿ. ಟ್ರಾನ್ಸಿಸ್ಟರಿನ ಬೇಸಿಗೆ ಕೊಟ್ಟರೆ ಅದು ದೀಪವನ್ನು ಹೊತ್ತಿಸುವುದು, ಬೆಳಗಾದೊಡನೆ ಆರಿಸುವುದು. ಜಮಖಂಡಿಯು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಫಲಕವನ್ನು ದಕ್ಷಿಣಕ್ಕೆ ಮುಖ ಮಾಡಿಸಿ ಇಪ್ಪತ್ತು ಡಿಗ್ರಿಯಷ್ಟು ವಾಲಿಸಿದರೆ ಚಳಿಗಾಲದ ಬಿಸಿಲೂ ದಕ್ಕುತ್ತದೆ, ಮಳೆಗೆ ಧೂಳೂ ತೊಳೆದುಹೋಗುತ್ತದೆ. ಕಂಬವು ಮಾತ್ರ ಕಬ್ಬಿನ ನೆರಳು ಬೀಳದಷ್ಟು ಎತ್ತರವಿರಬೇಕು. ನಾಟಿಯ ಕಾಲದಲ್ಲಿ ನೆಟ್ಟ ಗಿಡ್ಡ ಕಂಬವು ಒಂಬತ್ತು ತಿಂಗಳ ತರುವಾಯ ಕಬ್ಬಿನೊಳಗೆ ಅಡಗಿರುತ್ತದೆ.

ಇದೆಲ್ಲ ಪೇಟೆಯಲ್ಲಿ ಸಿದ್ಧವಾಗಿ ಸಿಕ್ಕುವುದಿಲ್ಲವೆ? ಸಿಕ್ಕುತ್ತದೆ, ತೋಟದ ಅಲಂಕಾರಕ್ಕೆಂದು ಮಾಡಿದ ದೀಪಗಳು ರಾಶಿ ರಾಶಿಯಾಗಿ ಸಿಕ್ಕುತ್ತವೆ. ಅಂಗೈಯಷ್ಟಿಲ್ಲದ ಫಲಕ, ಬೆರಳ ತುದಿಯಷ್ಟು ಬ್ಯಾಟರಿ, ಬಿಚ್ಚಲು ಬಾರದಂತೆ ಅಂಟಿಸಿದ ಪ್ಲಾಸ್ಟಿಕ್ ಡಬ್ಬಿ. ಮೊದಲ ಮಳೆಗಾಲವನ್ನು ಕಂಡರೆ ಎರಡನೆಯದನ್ನು ಕಾಣವು. ಆಮೇಲೆ ಬ್ಯಾಟರಿಸಮೇತ ತಿಪ್ಪೆಗೆ ಹೋಗಿ ಹೊಲಕ್ಕೆ ಗೊಬ್ಬರದೊಡನೆ ಬಂದು ಬೀಳುತ್ತವೆ. ಅಲಂಕಾರದ ದೀಪ ಆರಿದರೆ ಅಲಂಕಾರ ಹೋಯಿತು, ಅಷ್ಟೆ. ನೆಚ್ಚಿಕೊಂಡ ಗುರುತು ಆರಿದರೆ, ಗುರುತೇ ಇಲ್ಲದುದಕ್ಕಿಂತ ಅಪಾಯ ಹೆಚ್ಚು. ಚಾಲಕನು ದೀಪವನ್ನು ಹುಡುಕುತ್ತ ಮುಂದೆ ಹೋಗಿಬಿಡುತ್ತಾನೆ. ಆದುದರಿಂದಲೇ ಊರಿನವರು ತಾವೇ ಮಾಡಿದ, ತಿರುಪು ಬಿಚ್ಚಿದರೆ ಒಳಗನ್ನು ತೋರಿಸುವ, ಸಿದ್ಧ ಬಿಡಿಭಾಗಗಳಿಂದ ರಿಪೇರಿಯಾಗುವ ಫಲಕ ಬೇಕೆನ್ನುತ್ತೇವೆ. ಅಂಕಿಯ ಸುತ್ತಲೂ ಪ್ರತಿಫಲಕ ಹಾಳೆಯ ಒಂದು ಅಂಚನ್ನೂ ಅಂಟಿಸಿಬಿಟ್ಟರೆ, ದೀಪ ಕೆಟ್ಟ ರಾತ್ರಿಯೂ ಅಷ್ಟಿಷ್ಟು ಕಾಣುವುದು.

ನಮ್ಮ ಪ್ರೌಢಶಾಲೆಗಳ ವಿಜ್ಞಾನ ಪ್ರದರ್ಶನಗಳನ್ನು ನೋಡಿದಾಗಲೆಲ್ಲ ಒಂದು ಸಂಕಟವಾಗುತ್ತದೆ. ಅಡಿಗೆ ಸೋಡ ಮತ್ತು ವಿನೆಗರಿನ ಅಗ್ನಿಪರ್ವತವು ವರ್ಷವರ್ಷವೂ ಉಕ್ಕುತ್ತದೆ. ಥರ್ಮೊಕೋಲಿನ ಅಣೆಕಟ್ಟು, ಅಣೆಕಟ್ಟಿನ ಕೆಳಗೆ ಮಿಣುಕುವ ಬಲ್ಬು. ಬಹುಮಾನ ಪಡೆದು ಸಂಜೆಗೆ ಕಸದ ಬುಟ್ಟಿ ಸೇರುತ್ತವೆ. ಚಿಕ್ಕಪಡಸಲಗಿಯ ಬ್ಯಾರೇಜನ್ನು ಕಂಡ ಮಕ್ಕಳಿಗೆ ಥರ್ಮೊಕೋಲಿನ ಅಣೆಕಟ್ಟು ಏನನ್ನು ಕಲಿಸೀತು? ಮನೆಯ ಸಂಖ್ಯೆಯ ಫಲಕವನ್ನು ಪ್ರದರ್ಶನಕ್ಕೆ ತರುವವರಿಗೆ ಒಂದು ಕರಾರು ಹಾಕಲಿ: ಮೊದಲು ಅದನ್ನು ಒಂದು ತೋಟದ ದಾರಿಯಲ್ಲಿ ನೆಟ್ಟು, ಒಂದು ಮಳೆಗಾಲ ಕಳೆದ ಮೇಲೆ ಕಿತ್ತುಕೊಂಡು ಬರತಕ್ಕದ್ದು. ಎಷ್ಟು ರಾತ್ರಿ ಉರಿಯಿತು, ಎಷ್ಟು ರಾತ್ರಿ ಆರಿತು, ಆರಿದ್ದಕ್ಕೆ ಕಾರಣವೇನು ಎಂಬ ದಿನಚರಿ ಜೊತೆಗಿರಲಿ. ತೀರ್ಪುಗಾರರು ಫಲಕಕ್ಕಿಂತ ಮೊದಲು ದಿನಚರಿಯನ್ನು ಓದಲಿ.

ಖರ್ಚಿನ ಮಾತು ಬಂದೇ ಬರುತ್ತದೆ. ಒಂದು ಫಲಕಕ್ಕೆ ಬೀಳುವುದು ಕೆಲವು ನೂರು ರೂಪಾಯಿ. ಕಬ್ಬಿನ ಬಿಲ್ಲು ಕೈಗೆ ಬಂದ ವಾರದಲ್ಲಿ ಅದು ಭಾರವಲ್ಲ, ಕೂಲಿಯವನ ಮನೆಗೆ ಭಾರವೇ. ಆ ಮನೆಗಳ ಪಾಲನ್ನು ಸಕ್ಕರೆ ಕಾರ್ಖಾನೆಗಳು ಹೊರಬೇಕೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಯಾರ ಕಬ್ಬು ಯಾವ ಹೊಲದಲ್ಲಿದೆ, ಅದು ನಾಟಿಯಾದುದು ಎಂದು, ಕಟಾವಿಗೆ ಗುಂಪನ್ನು ಕಳುಹಿಸಬೇಕಾದುದು ಎಂದು, ಇವೆಲ್ಲ ಕಾರ್ಖಾನೆಯ ವಹಿಯಲ್ಲಿ ಬರೆದಿರುತ್ತದೆ. ಹಂಗಾಮಿನಲ್ಲಿ ನಡುರಾತ್ರಿಯಲ್ಲಿಯೂ ಟ್ರ್ಯಾಕ್ಟರುಗಳು ಸರಿಯಾದ ಹೊಲವನ್ನೇ ಹುಡುಕಿಕೊಂಡು ಬರುತ್ತವೆ.

ಫಲಕ ನೆಟ್ಟ ಮನೆಯವರಿಗೆ ಉಳಿದ ಕೆಲಸವಿಷ್ಟೆ. ಕಬ್ಬು ಅರೆಯುವ ಕಾಲದಲ್ಲಿ ರವದಿ ಸುಟ್ಟ ಬೂದಿಯೂ ಬಂಡಿಯ ಧೂಳೂ ಫಲಕದ ಮೇಲೆ ಕೂಡುತ್ತವೆ. ಅಮಾವಾಸ್ಯೆಗೊಮ್ಮೆ, ಹೇಗೂ ಟ್ರ್ಯಾಕ್ಟರು ತೊಳೆದು ಪೂಜೆ ಮಾಡುವ ದಿನ, ಒದ್ದೆಯ ಅರಿವೆಯಿಂದ ಅದನ್ನೂ ಒರೆಸಿಬಿಡಬೇಕು. ಮರುದಿನ ಸಂಜೆ ದೀಪ ಹತ್ತಿದ ಹೊತ್ತನ್ನೂ ಅದರ ಮರುದಿನ ಬೆಳಗ್ಗೆ ಅದು ಇನ್ನೂ ಉರಿಯುತ್ತಿತ್ತೇ ಎಂಬುದನ್ನೂ ಕ್ಯಾಲೆಂಡರಿನ ಮೇಲೆ ಗುರುತು ಹಾಕುವ ಕೆಲಸವನ್ನು ಮನೆಯಲ್ಲಿ ಶಾಲೆಗೆ ಹೋಗುವ ಮಗುವಿಗೆ ಬಿಡಬಹುದು.